ತುಳಸಿ ಮಣಿ ಲಾಗ್, ಏಳನೇ ಕಂತು: ಕಡೆಗೂ ಬಿರುಕಿಲ್ಲ (ಹೆಚ್ಚುಕಮ್ಮಿ)

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ತುಳಸಿ ಕಡ್ಡಿಯ ಜಪಮಾಲೆಗೆ ಬೇಕಾದದ್ದು 108 ಮಣಿ, ಮೇಲೊಂದು ಮೇರು (ಸುತ್ತು ಮುಗಿಯಿತು ಅಂತ ತೋರಿಸುವ ಮಣಿ). ಕೈಯಲ್ಲಿರುವುದು 61. ಒಡೆದದ್ದು ಎಷ್ಟು ಅಂತ ಕೇಳಬೇಡಿ. ಹಳೇ ಹಾರ್ಲಿಕ್ಸ್ ಬಾಟಲಿ ಭರ್ತಿ ಆಗಿದೆ.

ಲೇತ್ (ಮರ ಕಡೆಯುವ ಯಂತ್ರ) ಹೊಂದಿಸೋದು, ಉಜ್ಜೋದು, ದಾರಕ್ಕೆ ಗಂಟು ಹಾಕೋದು ಎಲ್ಲ ಹಿಂದಿನ ಕಂತುಗಳಿಂದ ನಿಮಗೆ ಗೊತ್ತಿದ್ದದ್ದೇ. ಈ ಸಲ ಬರೀ ಬಿರುಕಿನ ಕಥೆ.

ಆನ್‌ಲೈನ್‌ನಲ್ಲಿ ತರಿಸಿದ "ಅಸಲಿ ತುಳಸಿ ಕಡ್ಡಿ" ನೀರಿಗೆ ಹಾಕಿದ ಕೂಡಲೇ ಬಣ್ಣ ಬಿಟ್ಟದ್ದು ಹಿಂದಿನ ಕಂತಿನಲ್ಲಿ ಬರೆದಿದ್ದೆ. ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಹಾಗಾಗಿ ಕಟ್ಟೆಯ ಗಿಡವೇ ಗತಿ. ಆದರೆ ಅಜ್ಜಿಯ ಕಾನೂನು ಉಂಟು: ಬದುಕಿರುವ ಗಿಡ ಮುಟ್ಟುವ ಹಾಗಿಲ್ಲ. ತಾನಾಗಿ ಬಿದ್ದದ್ದು ಮಾತ್ರ. ಉಡುಪಿಯ ಮಳೆಗೆ ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಬೇರು ಕೊಳೆತು ಗಿಡ ಬೀಳುತ್ತದೆ. ಬಿದ್ದ ಗಿಡದ ಕಾಂಡ ಹೆಬ್ಬೆರಳಿನಷ್ಟು ದಪ್ಪ, ಒಳಗೆ ಪೂರ್ತಿ ಹಸಿ. ಸಮಸ್ಯೆ ಶುರುವಾಗೋದೇ ಅಲ್ಲಿ.

ಮೊದಲ ಕಂತೆಯನ್ನು ತಾರಸಿಯ ಬಿಸಿಲಿಗೆ ಹಾಕಿದೆ. ಮೂರೇ ದಿನಕ್ಕೆ ಹದಿನಾಲ್ಕು ಕಡ್ಡಿಯೂ ತುದಿಯಿಂದ ನಕ್ಷತ್ರದ ಹಾಗೆ ಸೀಳಿದವು. ಎರಡನೇ ಕಂತೆಗೆ ಬುದ್ಧಿವಂತಿಕೆ ಉಪಯೋಗಿಸಿದೆ. ಮೈಕ್ರೋವೇವ್. ಒಂದು ನಿಮಿಷಕ್ಕೆ ಮನೆಯೆಲ್ಲ ಕಷಾಯದ ಪರಿಮಳ, ಎರಡು ನಿಮಿಷಕ್ಕೆ ಟಪ್ ಅಂತ ಸದ್ದು. ಅಜ್ಜಿ ಜಪ ನಿಲ್ಲಿಸದೆ ಕಣ್ಣು ಮಾತ್ರ ತೆರೆದು ನೋಡಿದರು. ಆ ನೋಟ ಸಾಕಿತ್ತು.

ಕಾರಣ ಆಮೇಲೆ ತಿಳಿಯಿತು. ಮರ ಒಣಗುವಾಗ ಎಲ್ಲ ಕಡೆ ಒಂದೇ ಥರ ಕುಗ್ಗೋದಿಲ್ಲ. ಸುತ್ತಲಿನ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆ ನಡುವಿನ ಕಡೆಗೆ ಆಗುವುದರ ಹೆಚ್ಚುಕಮ್ಮಿ ಎರಡು ಪಟ್ಟು. ಇಡೀ ಕಡ್ಡಿಯಾದರೆ ನಡುವಿನ ತಿರುಳು ಬಿಡೋದಿಲ್ಲ, ಹೊರಗಿನ ಪದರ ಬಿಗಿಯುತ್ತಲೇ ಹೋಗುತ್ತದೆ. ಎಲ್ಲೋ ಒಂದು ಕಡೆ ಸೀಳಲೇಬೇಕು. ಅದರ ಮೇಲೆ ತುದಿಗಳು ಎಲ್ಲಕ್ಕಿಂತ ಬೇಗ ಒಣಗುತ್ತವೆ. ಅಂದರೆ ನಾನು ಅವಸರ ಮಾಡಿದಷ್ಟೂ ಬಿರುಕು ಜಾಸ್ತಿ.

ಇಲ್ಲಿ ಒಂದು ಅಡ್ಡ ಮಾತು. ಇದೇ ಹೊತ್ತಿಗೆ ನಾನು ಜಪವನ್ನೂ ಶುರು ಮಾಡಿದ್ದೆ. ಮಣಿ ಮಾಡುವವನಿಗೆ ಮಣಿ ಎಣಿಸೋಕೆ ಬರಬೇಕಲ್ವಾ? ಒಂದು ಮಂಡಲ, 48 ದಿನ. ಎಕ್ಸೆಲ್ ಶೀಟ್ ಮಾಡಿದೆ. ತಾರೀಕು, ಎಷ್ಟು ಸುತ್ತು, "ಏನನ್ನಿಸಿತು". ಕೊನೆಯ ಕಾಲಂ ಓದಿದರೆ ನಗು ಬರುತ್ತದೆ. ನಿದ್ದೆ. ನಿದ್ದೆ. ಸೊಳ್ಳೆ. ಕರೆಂಟ್ ಹೋಯ್ತು. ನಿದ್ದೆ. 48ನೇ ದಿನ ಖಾಲಿ.

ಅಜ್ಜಿ ಐವತ್ತು ವರ್ಷದಿಂದ ಮಾಲೆ ಹಿಡಿದವರು. ಮಣಿ ಸರಿಸೋದು ಹೆಬ್ಬೆರಳು, ನಡುಬೆರಳಿನಲ್ಲಿ; ತೋರುಬೆರಳು ತಾಗುವ ಹಾಗಿಲ್ಲ. ಮೇರು ಬಂದರೆ ದಾಟದೆ ತಿರುಗಿಸುತ್ತಾರೆ. ಕೇಳಿದೆ: "ಅಜ್ಜಿ, ನಿಮಗೆ ಮನಸ್ಸು ನಿಂತದ್ದು ಯಾವಾಗ?"

"ನಿಂತಿದೆ ಅಂತ ನಿನಗೆ ಹೇಳಿದ್ದು ಯಾರು ಮಾರಾಯ? ಇವತ್ತೂ ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಅಂತ ಹೋಗಿತ್ತು. ಹೋಗಿ ನೋಡಿ ಬಾ."

ಆಫ್ ಮಾಡಿದ್ದರು.

ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನನದ್ದೂ ಇದೇ ದೂರು, ಮನಸ್ಸು ಗಾಳಿಯ ಹಾಗೆ, ಹಿಡಿಯೋಕೆ ಆಗೋದಿಲ್ಲ ಅಂತ. ಅದಕ್ಕೂ ಮೊದಲೇ ಕೃಷ್ಣ "ಶನೈಃ ಶನೈಃ" ಅಂದಾಗಿದೆ. ಮೆಲ್ಲ ಮೆಲ್ಲ. ಎಷ್ಟು ದಿನ ಅಂತ ಮಾತ್ರ ಹೇಳಿಲ್ಲ. ನನಗೆ ಸಿಟ್ಟು ಅದಕ್ಕೇ.

ಸರಿ, ಮರಕ್ಕೆ ವಾಪಸ್. ಸಿಟ್ಟಿನಲ್ಲೇ ಒಂದು ಸಂಜೆ ಕೃಷ್ಣಮಠದ ರಥಬೀದಿಗೆ ಹೋದೆ. ಮಧ್ವ ಸರೋವರದ ಬದಿಯಲ್ಲಿ ಕಟ್ಟಿಗೆ ರಥ. ಮಠದ ಅಡುಗೆಯ ಸೌದೆಯನ್ನು ಒಂದರ ಮೇಲೊಂದು ಪೇರಿಸಿ ತೇರಿನ ಆಕಾರ ಮಾಡಿದ್ದರು. ಹುಟ್ಟಿದಾಗಿನಿಂದ ನೋಡಿದ್ದೇನೆ, ಹೀಗೆ ನೋಡಿರಲಿಲ್ಲ. ಸೌದೆ ಸೌದೆಯ ನಡುವೆ ಗಾಳಿಯಾಡಲು ಸಂದು ಇತ್ತು. ಶಿರೂರು ಮಠದ ಪರ್ಯಾಯ (ಕೃಷ್ಣನ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ಹೋಗುವುದು) ಇದ್ದದ್ದು 2026ರ ಜನವರಿ 18ಕ್ಕೆ. ಅದರ ತಯಾರಿಯ ಮೊದಲ ಶಾಸ್ತ್ರ ಬಾಳೆ ಮುಹೂರ್ತ ಅದಕ್ಕೆ ಒಂದು ವರ್ಷ ಮೊದಲೇ ಆಗಿತ್ತು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಮೈಕ್ರೋವೇವ್ ಮುಹೂರ್ತ ಅಂತ ಯಾವುದೂ ಇಲ್ಲ.

ಮೂರನೇ ಕಂತೆಗೆ ಉಪಾಯ ಬದಲಾಯಿಸಿದೆ. ಜಗಳ ಮಾಡುವುದು ತಿರುಳು ತಾನೇ? ಹಸಿ ಇರುವಾಗಲೇ ತೆಗೆದುಬಿಡೋಣ ಅಂತ. ಕಡ್ಡಿಯನ್ನು ಮೂರು ಸೆಂಟಿಮೀಟರಿನ ತುಂಡು ಮಾಡಿದೆ. 2 ಮಿಲಿಮೀಟರ್ ಡ್ರಿಲ್ ಬಿಟ್ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಿಂದ ತಂದದ್ದು, ಐದರಲ್ಲಿ ಮೂರು ಮೊದಲ ದಿನವೇ ಮುರಿದವು. "ಜರ್ಮನ್ ಮಾಲು ಸಾರ್" ಅಂದಿದ್ದ ಪುಣ್ಯಾತ್ಮ. ಕೊನೆಗೆ ಹಳೇ ಸೈಕಲ್ ಕಡ್ಡಿಯನ್ನು ಚೂಪು ಮಾಡಿ ಕೈಯಲ್ಲೇ ತಿರುಗಿಸಿದೆ. ತಿರುಳು ಬೆಣ್ಣೆಯ ಹಾಗೆ ಬಂತು. ಎರಡೂ ಕಡೆಯಿಂದ ಅರ್ಧರ್ಧ. ತೂತಿಗೆ ಹಿಡಿಸೂಡಿ (ತೆಂಗಿನಗರಿ ಪೊರಕೆ) ಕಡ್ಡಿ ಸಿಕ್ಕಿಸಿ, ತುದಿಗಳನ್ನು ಕರಗಿದ ಮೇಣದಲ್ಲಿ ಅದ್ದಿ, ಕಡ್ಡಿ ಎಳೆದು, ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಮೊದಲು ತೂತು, ಆಮೇಲೆ ಮಣಿ. ಇಷ್ಟು ದಿನ ಉಲ್ಟಾ ಮಾಡುತ್ತಿದ್ದೆ.

ಇನ್ನು ತೂಕ. ತೂಕ ಇಳಿಯೋದು ನಿಂತರೆ ಒಣಗಿತು ಅಂತ ಲೆಕ್ಕ. ದಿನಾ ತೂಗಿದೆ. 64.2 ಗ್ರಾಂ. ಮರುದಿನ ಬೆಳಿಗ್ಗೆ 64.2. ರಾತ್ರಿ ಮತ್ತೆ. ಆಮೇಲೆ ಒಂದು ವಾರ ಜಡಿಮಳೆ, ತೂಗಿದರೆ 64.9! ಒಣಗುವ ಮರ ಭಾರ ಆಗುವುದು ಅಂದರೆ? ತಕ್ಕಡಿ ಬದಲಾಯಿಸಿದೆ, ಬ್ಯಾಟರಿ ಬದಲಾಯಿಸಿದೆ.

"ಈ ಮಳೆಗೆ ಡಬ್ಬಿಯಲ್ಲಿ ಉಪ್ಪೇ ನೀರು ಬಿಟ್ಟಿದೆ, ನಿನ್ನ ಕಡ್ಡಿ ತೇವ ಎಳೆಯದೆ ಬಿಡ್ತದಾ?" ಅಜ್ಜಿ ತಕ್ಕಡಿ ತೆಗೆದುಕೊಂಡು ಹೋಗಿ ದೇವರ ಕೋಣೆಯಲ್ಲಿ ಇಟ್ಟರು. "ಶನಿವಾರ ಕೊಡ್ತೇನೆ."

ಕಾಯುವಾಗ ತಲೆ ಸುಮ್ನೆ ಇರಬೇಕಲ್ಲ. ಮುಂದಿನ ಪ್ರಾಜೆಕ್ಟ್ ಹೊಳೆಯಿತು. ಓಲೆಗರಿ! ಕಂಟದಲ್ಲಿ (ಗರಿಯ ಮೇಲೆ ಬರೆಯುವ ಲೋಹದ ಕಡ್ಡಿ) ಕೊರೆದು, ಮಸಿ ಉಜ್ಜಿ, ಒಂದೇ ಒಂದು ಶ್ಲೋಕ. ಗರಿಗೆ ಶ್ರೀತಾಳೆ ಬೇಕು. ಆ ಮರ ದಶಕಗಟ್ಟಲೆ ಬೆಳೆದು, ಜೀವನದಲ್ಲಿ ಒಂದೇ ಸಲ ಹೂ ಬಿಟ್ಟು, ಕಾಯಿ ಹಣ್ಣಾದ ಮೇಲೆ ಸಾಯುತ್ತದೆ. ಬೀಜ ಕೇಳಿಟ್ಟಿದ್ದೇನೆ. ಹೂವಿನ ಅಪ್‌ಡೇಟ್ ನನ್ನ ಮೊಮ್ಮಕ್ಕಳು ಬರೆಯುತ್ತಾರೆ.

ತುಳಸಿ ಪೂಜೆಯ ಹೊತ್ತಿಗೆ ಮೂರು ಶನಿವಾರ ಒಂದೇ ತೂಕ ಬಂತು, 51.3. ಲೇತಿಗೆ ಹಾಕಿದೆ. ಒಂದೊಂದು ತುಂಡಿಗೆ ಎರಡು ಮಣಿ. ಸಿಪ್ಪೆ ಸುರುಳಿ ಸುರುಳಿಯಾಗಿ ಬಂತು, ಸದ್ದೇ ಬೇರೆ. ಎರಡು ಮಣಿಗೆ ಮಾತ್ರ ಕೂದಲೆಳೆಯಷ್ಟು ಗೆರೆ. ಅವು 61ರಲ್ಲಿ ಸೇರಿಲ್ಲ.

108 ಆಗದೆ ಪೋಣಿಸೋದು ಹೇಗೆ ಅಂತ ಕೂತಿದ್ದೆ. ಅಜ್ಜಿ ಬಟ್ಟಲಿನಿಂದ 54 ಎಣಿಸಿ ಇತ್ತ ಸರಿಸಿದರು. "ಇದರಲ್ಲಿ ಎರಡು ಸುತ್ತು ಹಾಕು. ಇಲ್ಲ ಅಂದವರು ಯಾರು?" ಉಳಿದ ಏಳರಲ್ಲಿ ದೊಡ್ಡದನ್ನು ಮೇರು ಮಾಡಿದೆ.

ಇನ್ನು ಪಕ್ಕದ ಮನೆಯ ಕಟ್ಟೆಯ ಗಿಡ. ಒಳ್ಳೇ ದಪ್ಪ ಕಾಂಡ, ಒಂದು ತಿಂಗಳಿಂದ ವಾಲುತ್ತಾ ಇದೆ. ದಿನಾ ಬೆಳಿಗ್ಗೆ ಕಾಗೆಯ ಹಾಗೆ ಇಣುಕಿ ನೋಡುತ್ತಿದ್ದೆ. ನಿನ್ನೆ ಹೋಗಿ ಬುಡಕ್ಕೆ ಒಂದು ಬಿದಿರಿನ ಗೂಟ ಊರಿ, ಬಾಳೆನಾರಿನಲ್ಲಿ ಕಟ್ಟಿ ಬಂದೆ.