ಫಾಲ್ಗುಣದ ಕೊನೆಗೆ ಲಕ್ಕುಂಡಿ, ಡಂಬಳ, ಕಪ್ಪತಗುಡ್ಡ

ಗದಗ ಸೀಮೆಗೆ ವಸಂತವು ಹಸಿರನ್ನು ಹೊತ್ತುಕೊಂಡು ಬರುವುದಿಲ್ಲ. ಹಿಂಗಾರಿಯ ಕಡಲೆ, ಬಿಳಿಜೋಳಗಳ ಸುಗ್ಗಿ ಮುಗಿದು ಎರೆಹೊಲಗಳು ಬಿರುಕು ಬಿಡುವ ಹೊತ್ತಿಗೆ ಬದುವಿನ ಬೇವು ಹೂವಾಗಿರುತ್ತದೆ, ಹೊಂಗೆ ಹೊಸ ಎಲೆ ತಳೆದಿರುತ್ತದೆ. ಇವೆರಡನ್ನೂ ಕಾಣಬೇಕಾದರೆ ವಾಹನದಿಂದ ಇಳಿದು ನಡೆಯಲೇಬೇಕು. ಈ ಮಾತಿಗೆ ಒಪ್ಪಿದ ಗೆಳೆಯರು ಸೇರಿ ಕಳೆದ ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯಿಂದ ಗದಗಿನ ರೈಲು ಹಿಡಿದೆವು.

ಗದಗಿನಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿಗಳ ಊರೆಂಬ ಹೆಸರಿದೆ. ಬಂದವರೆಲ್ಲರೂ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನೂ, ಶಿವ ಮತ್ತು ಸೂರ್ಯರ ಗರ್ಭಗುಡಿಗಳು ಎದುರುಬದುರಾಗಿರುವ ಕಾಶಿವಿಶ್ವೇಶ್ವರ ದೇವಾಲಯವನ್ನೂ ನೋಡುತ್ತಾರೆ. ಬಾವಿಗಳ ಕಡೆಗೆ ಹೋಗುವವರು ಕಡಿಮೆ. ನನಗಂತೂ ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯೇ ಹೆಚ್ಚು ಹಿಡಿಸಿತು. ಮೆಟ್ಟಿಲುಗಳನ್ನು ಇಳಿಯುತ್ತ ಹೋದರೆ ಗೋಡೆಗಳಲ್ಲಿ ಪುಟ್ಟ ಗುಡಿಗಳಂತಹ ಗೂಡುಗಳು ಸಿಗುತ್ತವೆ. ನೀರು ಸೇದುವ ಜಾಗಕ್ಕೂ ದೇವಾಲಯಕ್ಕೆ ತಕ್ಕ ಕೆತ್ತನೆ ಬೇಕೆಂದು ಬಗೆದ ಕಾಲವದು. ಊರಿನ ಓಣಿಗಳನ್ನು ದಾಟುತ್ತ, ಮನೆಗಳ ಮಗ್ಗುಲಲ್ಲಿಯೇ ನಿಂತಿರುವ ಗುಡಿಗಳನ್ನು ನೋಡುತ್ತ ನಡೆದು, ಕಡೆಗೆ ಬೇವಿನ ನೆರಳಿನಲ್ಲಿ ಕಟಕ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿಯ ಬುತ್ತಿ ಬಿಚ್ಚಿದೆವು.

ಸಂಜೆಗೆ ಡಂಬಳ. ಇಲ್ಲಿನ ದೊಡ್ಡಬಸಪ್ಪ ದೇವಾಲಯದ ಗರ್ಭಗುಡಿಯ ಹೊರಗೋಡೆ 24 ಕೋನಗಳ ನಕ್ಷತ್ರದಂತಿದೆ. ಇಳಿಬಿಸಿಲಿನಲ್ಲಿ ಸುತ್ತು ಹಾಕಿದಾಗ ಒಂದೊಂದು ಕೋನವೂ ಬೇರೆ ಬೇರೆಯಾಗಿ ನೆರಳು ಬಿಡುವುದರಿಂದ, ಇದನ್ನು ನೋಡಲು ಮಧ್ಯಾಹ್ನ ತಕ್ಕ ಹೊತ್ತಲ್ಲ. ಇದೇ ಊರಿನಲ್ಲಿ ಬೌದ್ಧರ ತಾರಾದೇವಿಗೂ ಗುಡಿಯಿತ್ತೆಂದು 1095ರ ಶಾಸನ ಹೇಳುತ್ತದೆ. ರಾತ್ರಿ ಗೆಳೆಯನೊಬ್ಬನ ಸೋದರಮಾವನ ಮನೆಯಲ್ಲಿ ತಂಗಿದೆವು. ಅತ್ತೆಯವರು ಬಡಿಸಿದ ಊಟದಿಂದಾಗಿ ಮರುದಿನದ ನಡಿಗೆ ತುಸು ನಿಧಾನವಾಯಿತೆಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಭಾನುವಾರ ನಸುಕಿನಲ್ಲಿಯೇ ಡೋಣಿಯ ಕಡೆಯಿಂದ ಕಪ್ಪತಗುಡ್ಡಕ್ಕೆ ಹೊರಟೆವು. ಔಷಧೀಯ ಸಸ್ಯಗಳಿಗೆ ಹೆಸರಾದ ಈ ಗುಡ್ಡಸಾಲನ್ನು ಗಣಿಗಾರಿಕೆಯಿಂದ ಉಳಿಸಲು ಸುತ್ತಲಿನ ಜನ, ಮಠಗಳು ವರ್ಷಗಟ್ಟಲೆ ಹೋರಾಡಿದ್ದರಿಂದಲೇ 2019ರಲ್ಲಿ ಇದರ 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಫಾಲ್ಗುಣದಲ್ಲಿ ಹುಲ್ಲೆಲ್ಲ ಒಣಗಿರುತ್ತದೆ. ಒಂದು ಬೀಡಿಯ ಕಿಡಿ ಸಾಕು, ಇಡೀ ಇಳಿಜಾರು ಉರಿದುಹೋಗುತ್ತದೆ. ಹೀಗಾಗಿ ಬೆಂಕಿಪೊಟ್ಟಣವನ್ನು ಕೆಳಗೇ ಬಿಟ್ಟು ಬರುವಂತೆ ಗುಂಪಿನಲ್ಲಿದ್ದ ಧೂಮಪಾನಿಗೆ ಮೊದಲೇ ತಾಕೀತು ಮಾಡಿದ್ದೆವು. ಗಾಳಿಗುಂಡಿ ಬಸವಣ್ಣನ ಸನ್ನಿಧಿಗೆ ತಲುಪಿದಾಗ ಗಾಳಿ ಆ ಹೆಸರಿಗೆ ತಕ್ಕಂತೆಯೇ ಬೀಸುತ್ತಿತ್ತು.

ಶ್ರಾವಣದಲ್ಲಿ ಬಂದಿದ್ದರೆ ಗುಡ್ಡವೆಲ್ಲ ಹಸಿರಾಗಿರುತ್ತಿತ್ತೆಂದು ಇಬ್ಬರು ವಾದಿಸಿದರು. ಆದರೆ ಮಂಜು ಮುಸುಕಿದಾಗ ಸಾಲಿನ ಆಕಾರವೇ ಕಾಣದೆಂಬುದು, ಎಲೆ ಉದುರಿದ ಈಗ ಕಲ್ಲಿನ ಕೆಂಪೂ ಕಣಿವೆಗಳ ಮಡಿಕೆಗಳೂ ಪೂರ್ತಿ ತೆರೆದುಕೊಳ್ಳುತ್ತವೆಂಬುದು ನನ್ನ ಪಕ್ಷ. ಗದಗಿನಲ್ಲಿ ಮಿರ್ಚಿ, ಗಿರ್ಮಿಟ್ ಮುಂದೆ ಬಂದಾಗಲೂ ಈ ವಾದ ತೀರಲಿಲ್ಲವಾದ್ದರಿಂದ, ಶ್ರಾವಣದಲ್ಲಿ ಇನ್ನೊಮ್ಮೆ ಬಂದು ಹೋಲಿಸಿ ನೋಡುವುದೆಂದು ನಿಶ್ಚಯಿಸಿ ಹುಬ್ಬಳ್ಳಿಯ ರೈಲು ಹತ್ತಿದೆವು.