ಬಸಿರಿನ ತಪಾಸಣೆಯಾಚೆಗೂ ನಡೆಯಬೇಕಾದ ಮಾತು

ನಮ್ಮ ಉಡುಪಿ, ಮಂಗಳೂರಿನ ಕಡೆ ಮದುವೆಯಾದ ಹೆಣ್ಣೊಬ್ಬಳ ಜೊತೆ ಯಾರಾದರೂ ಎಚ್‌ಐವಿಯ ಬಗ್ಗೆ ಮಾತನಾಡುವುದಿದ್ದರೆ ಅದು ಹೆಚ್ಚಾಗಿ ಬಸಿರಿನ ತಪಾಸಣೆಯ ಹೊತ್ತಿನಲ್ಲಿ. ವರದಿ ನೆಗೆಟಿವ್ ಬಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆ ಪರೀಕ್ಷೆ ಬೇಕೇ ಬೇಕು. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ. 15ರಿಂದ 45ರಷ್ಟಿದ್ದು, ಸರಿಯಾದ ಚಿಕಿತ್ಸೆ ಸಿಕ್ಕರೆ ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಆದರೆ ಮಗುವನ್ನು ಉಳಿಸುವುದಕ್ಕಾಗಿ ಮಾತ್ರ ತಾಯಿಯನ್ನು ಮಾತನಾಡಿಸುವ ಪದ್ಧತಿಯನ್ನು ನಾನು ಒಪ್ಪಲಾರೆ. ಬಾಣಂತನ ಮುಗಿದ ಮೇಲೂ ಆಕೆಗೆ ದಾಂಪತ್ಯವಿದೆ, ಕೇಳಬೇಕೆಂದಿದ್ದು ಕೇಳದೆ ಉಳಿದ ಪ್ರಶ್ನೆಗಳಿವೆ.

ಅಮೆರಿಕದ ಕಪ್ಪು ಮಹಿಳೆಯರ ಸ್ಥಿತಿಯನ್ನು ಓದಿದಾಗಲೆಲ್ಲ ಈ ವಿಚಾರ ನನ್ನನ್ನು ಕಾಡುತ್ತದೆ. ಅಲ್ಲಿನ ಮಹಿಳೆಯರಲ್ಲಿ ಅವರ ಪಾಲು ಸುಮಾರು ಶೇ. 13; ಹೊಸದಾಗಿ ಎಚ್‌ಐವಿ ಪತ್ತೆಯಾಗುವ ಮಹಿಳೆಯರಲ್ಲಿ ಮಾತ್ರ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಅವರೇ. ಸೋಂಕು ತಗಲದಂತೆ ಮುಂಚಿತವಾಗಿ ನುಂಗುವ ಪ್ರೆಪ್ ಮಾತ್ರೆಗೆ ಅಲ್ಲಿ 2012ರಲ್ಲೇ ಒಪ್ಪಿಗೆ ಸಿಕ್ಕಿತ್ತು. 2019ರಲ್ಲಿ ಬಂದ ಎರಡನೆಯ ಮಾತ್ರೆಯನ್ನು ಹೆಂಗಸರ ಮೇಲೆ ಸರಿಯಾಗಿ ಪರೀಕ್ಷಿಸಿಯೇ ಇರಲಿಲ್ಲವಾದ್ದರಿಂದ, ಯೋನಿ ಸಂಭೋಗದಿಂದ ಅಪಾಯವಿರುವವರನ್ನು ಆ ಒಪ್ಪಿಗೆಯಿಂದ ಹೊರಗಿಡಲಾಯಿತು. 1932ರಿಂದ 1972ರವರೆಗೆ ಅಲ್ಲಿನ ಟಸ್ಕೆಗೀ ಎಂಬ ಊರಿನಲ್ಲಿ ಸರ್ಕಾರವೇ ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ ಕಪ್ಪು ಗಂಡಸರನ್ನು ಚಿಕಿತ್ಸೆ ಕೊಡದೆ ನೋಡುತ್ತ ಕುಳಿತ ಚರಿತ್ರೆ ಬೇರೆ ಇದೆ. ಇಷ್ಟೆಲ್ಲ ಆದ ಮೇಲೆ ಆ ಹೆಂಗಸರು ವೈದ್ಯರನ್ನು ನಂಬುವುದಿಲ್ಲವೆಂದು ದೂರುವುದು ಅನ್ಯಾಯ. 2024ರಲ್ಲಿ ದಕ್ಷಿಣ ಆಫ್ರಿಕ ಮತ್ತು ಉಗಾಂಡದಲ್ಲಿ ಆರು ತಿಂಗಳಿಗೊಮ್ಮೆ ಲೆನಾಕಾಪವಿರ್ ಎಂಬ, ಎಚ್‌ಐವಿ ತಗಲದಂತೆ ತಡೆಯುವ ಚುಚ್ಚುಮದ್ದು ಪಡೆದ 2134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ ಎಂಬ ಸುದ್ದಿ ಬಂದಾಗ ನನಗೆ ಬಹಳ ಸಂತೋಷವಾಯಿತು. ಹೆಂಗಸರನ್ನೇ ಮುಂದಿಟ್ಟುಕೊಂಡು ನಡೆದ ಅಧ್ಯಯನವದು.

ನಮ್ಮಲ್ಲಿ ಆಪ್ತ ಸಮಾಲೋಚಕಿಯಾಗಿರುವ ಗೆಳತಿಯೊಬ್ಬಳು, ಹೆಸರು ಊರು ಹೇಳದೆ, ಒಂದು ಸಂಗತಿ ತಿಳಿಸಿದಳು. ಬೀಡಿ ಕಟ್ಟುವ ಹೆಂಗಸೊಬ್ಬಳು, ಗೆಳತಿ ಹಾಳೆಯಲ್ಲಿದ್ದ ಪ್ರಶ್ನೆಗಳನ್ನು ಕನ್ನಡದಲ್ಲಿ ಓದುತ್ತ ಹೋದಷ್ಟು ಹೊತ್ತೂ ಚೀಟಿಯ ಅಂಚನ್ನು ಮಡಿಸುತ್ತ ತಲೆಯಾಡಿಸಿದಳಂತೆ. ಹಾಳೆ ಬದಿಗಿಟ್ಟು, ಬಾಗಿಲು ಮುಚ್ಚಿ, ತುಳುವಿನಲ್ಲಿ ಮಕ್ಕಳ ವಿಚಾರ ತೆಗೆದ ಮೇಲೆ ಆಕೆ ಕೇಳಿದ್ದು ಒಂದೇ ಪ್ರಶ್ನೆ: ಮಾತ್ರೆಯ ಡಬ್ಬಿಯನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಎಲ್ಲಿಡಲಿ? ನಾವು ಅಂಟಿಸುವ ಯಾವ ಭಿತ್ತಿಪತ್ರದಲ್ಲೂ ಇದಕ್ಕೆ ಉತ್ತರವಿಲ್ಲ. ಎಚ್‌ಐವಿ ಇರುವವರಿಗೆ ಮದ್ದು ಉಚಿತವಾಗಿ ಸಿಗುತ್ತದೆ, ಅದನ್ನು ತಪ್ಪದೆ ತೆಗೆದುಕೊಂಡು ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಸಂಭೋಗದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ ಎಂದು ನಾವು ಹೇಳುವ ಮಾತುಗಳೆಲ್ಲ ನಿಜ; ಆದರೆ ಡಬ್ಬಿ ಇಡಲು ಜಾಗವಿಲ್ಲದವಳಿಗೆ ಮೊದಲು ಆ ಜಾಗದ ಮಾತಾಗಬೇಕು.

ಇನ್ನೊಂದು ವಿಷಯ ನಮ್ಮ ಹೆಂಗಸರಿಗೆ ತಿಳಿದೇ ಇಲ್ಲ. 2017ರ ಎಚ್‌ಐವಿ, ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ವಿಷಯ ತಿಳಿಸಿದರೆ ಹೊಡೆತ ಬೀಳಬಹುದು, ಮನೆಯಿಂದ ಹೊರದಬ್ಬಬಹುದು ಎಂಬ ಭಯಕ್ಕೆ ಕಾರಣವಿದ್ದಾಗ, ವಿಶೇಷವಾಗಿ ಹೆಂಗಸರ ವಿಷಯದಲ್ಲಿ, ವೈದ್ಯರು ಸಂಗಾತಿಗೆ ಅದನ್ನು ತಿಳಿಸುವಂತಿಲ್ಲ. ಇದನ್ನು ವರದಿ ಬಂದ ಮೇಲಲ್ಲ, ರಕ್ತ ತೆಗೆಯುವ ಮೊದಲೇ, ತುಳು, ಬ್ಯಾರಿ, ಕೊಂಕಣಿ, ಆಕೆಗೆ ಯಾವುದು ಮನೆಮಾತೋ ಅದರಲ್ಲಿ, 1097 ಸಹಾಯವಾಣಿಯ ಸಂಖ್ಯೆಯೊಂದಿಗೆ ಹೇಳಬೇಕು. ವಾರವಾರ ಬೀಡಿ ಕೊಡಲು ಹೆಂಗಸರು ಸಾಲುಗಟ್ಟುವ ಬ್ರಾಂಚುಗಳ ಜಗಲಿಯಲ್ಲಿ, ಮಲ್ಪೆಯ ಮೀನು ಮಾರುವವರ ನಡುವೆ ಆಶಾ ಕಾರ್ಯಕರ್ತೆಯರು ಈ ಮಾತನ್ನು ಶುರುಮಾಡಬಹುದು, ಅವರಿಗೆ ಅದಕ್ಕೆ ಬೇಕಾದ ತರಬೇತಿಯನ್ನೂ ಸಮಯವನ್ನೂ ಕೊಟ್ಟರೆ.