‘ರು’ ಅಂತ ಮುಗಿದರೆ ಎರಡನೇ ಗುಂಪು ಅಲ್ವಾ ಮೇಡಂ?

ಅಲ್ಲ.

ಶನಿವಾರದ ಜಪಾನಿ ಕ್ಲಾಸಿನ ಪ್ರತಿ ಬ್ಯಾಚಿನಲ್ಲೂ ಇದನ್ನು ಕೇಳುವವರು ಇದ್ದೇ ಇರುತ್ತಾರೆ, ಅದೂ ಕೊನೆಗೊಂದು ‘ಅಲ್ವಾ’ ಸೇರಿಸಿ. ಅದು ಪ್ರಶ್ನೆಯಲ್ಲ, ರುಜು ಹಾಕಿಕೊಡಿ ಅನ್ನುವ ಅರ್ಜಿ. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಜಪಾನಿ ಕ್ರಿಯಾಪದಗಳಿಗೆ ಮೂರು ಗುಂಪು. ಮೂರನೆಯದರಲ್ಲಿ ಇರೋದು ಎರಡೇ: ಸುರು ಅಂದರೆ ಮಾಡು, ಕುರು ಅಂದರೆ ಬಾ. ಬಾಯಿಪಾಠ ಮಾಡಿ. ಎರಡನೆಯದು ಸೋಮಾರಿಗಳಿಗೆ ಹೇಳಿ ಮಾಡಿಸಿದ್ದು. ತಬೆರು (ತಿನ್ನು), ಮಿರು (ನೋಡು): ‘ರು’ ಕಿತ್ತು ‘ತೆ’ ಅಂಟಿಸಿದರೆ ತಬೆತೆ, ಮಿತೆ. ತಿಂದು, ನೋಡಿ. ಇಲ್ಲಿ ‘ರು’ಗೆ ಮುಂಚೆ ಇ ಅಥವಾ ಎ ಇರಲೇಬೇಕು. ಆದರೆ ಹಾಗಿದ್ದದ್ದೆಲ್ಲ ಎರಡನೇ ಗುಂಪಲ್ಲ! ಹಶಿರು (ಓಡು), ಕಯೆರು (ಮರಳು) ವೇಷ ಅದೇ, ಗುಂಪು ಒಂದನೆಯದು. ಹಶಿತ್ತೆ, ಕಯೆತ್ತೆ. ‘ಇಲ್ಲ’ ರೂಪದಲ್ಲಿ ಸಿಕ್ಕಿಬೀಳುತ್ತವೆ: ತಬೆನಾಯ್, ಆದರೆ ಹಶಿರನಾಯ್. ಆ ರೂಪ ತಿಳಿಯೋಕೇ ಗುಂಪು ಗೊತ್ತಿರಬೇಕಲ್ಲ ಅಂತೀರಿ. ಹೌದು, ಗೊತ್ತಿರಬೇಕು.

ನನಗೂ ಗೊತ್ತಿರಲಿಲ್ಲ. ಕಿರು ಅನ್ನುವುದು ಎರಡಿದೆ. ‘ತೊಡು’ ಆದರೆ ಎರಡನೇ ಗುಂಪು, ಕಿತೆ. ‘ಕತ್ತರಿಸು’ ಆದರೆ ಒಂದನೆಯದು, ಕಿತ್ತೆ. ದುಭಾಷಿ ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಕಾರ್ಖಾನೆ ನೋಡಲು ಬಂದ ಜಪಾನಿನ ಹಿರಿಯರೊಬ್ಬರಿಗೆ ಸೇಫ್ಟಿ ಜಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ, ‘ಕಿತ್ತೆ ಕುದಸಾಯ್’ ಅಂದೆ. ದಯವಿಟ್ಟು ಕತ್ತರಿಸಿ. ಅವರು ಜಾಕೆಟ್ ನೋಡಿದರು, ನನ್ನನ್ನು ನೋಡಿದರು, ನಗದೇ ‘ಹಸಾಮಿ ವಾ?’ ಅಂದರು. ಕತ್ತರಿ ಎಲ್ಲಿ?

‘ಏನಂತೆ?’ ಅಂದರು ಮ್ಯಾನೇಜರ್.

‘ಸೈಜ್ ಕೇಳ್ತಿದಾರೆ ಸಾರ್.’

ಕತೆಗೂ ಕತ್ತೆಗೂ ವ್ಯತ್ಯಾಸ ತಿಳಿಯದವಳಲ್ಲ ನಾನು. ಒತ್ತು ತಪ್ಪಲಿಲ್ಲ, ಗುಂಪು ತಪ್ಪಿತು.

ಗುಂಪು ಹಾಳಾಗಲಿ, ಆ ‘ತೆ’ ಬಗ್ಗೆ ಒಬ್ಬರಾದರೂ ಕೇಳಬಾರದೇ? ತಬೆತೆ ಮಿರು ಅಂದರೆ ಅಕ್ಷರಶಃ ತಿಂದು ನೋಡು. ರುಚಿ ನೋಡೋಕೆ ಅವರೂ ಕಣ್ಣನ್ನೇ ಕರೀತಾರೆ. ಕತ್ತೆ ಒಕು ಅಂದರೆ ಕೊಂಡಿಡು (ಹೌದು, ಅಲ್ಲಿ ಕತ್ತೆ ಅಂದರೆ ಕೊಂಡು). ಒಕು ಅಂದರೆ ಇಡು, ಡಬ್ಬಿ ಇಡ್ತೀವಲ್ಲ, ಅದೇ ಇಡು. ಅಮ್ಮ ‘ಕಾಫಿಪುಡಿ ತಂದಿಡು’ ಅಂದಾಗೆಲ್ಲ ನನಗೆ ರೋಮಾಂಚನ ಆಗುತ್ತದೆ. ಮನೆಯಲ್ಲಿ ಯಾರಿಗೂ ಆಗಲ್ಲ.

ಹೋದ ಶನಿವಾರ ಇದನ್ನೆಲ್ಲ ಬೋರ್ಡ್ ತುಂಬ ಬರೆದು ತಿರುಗಿದೆ. ಹಿಂದಿನ ಬೆಂಚಿನಿಂದ ಕೈ ಎದ್ದಿತು.

‘ಮೇಡಂ, ಕಯೆರು ಎರಡನೇ ಗುಂಪು ಅಲ್ವಾ?’

‘ಬದಲಿಸು’ ಅನ್ನೋ ಕಯೆರು ಕೂಡ ಒಂದಿದೆ. ಅದು ಎರಡನೇ ಗುಂಪೇ.